ಭಾರ ಬಿದ್ದ ಕಾಲು

ನಾನು ಬಿ.ಕಾಂ. ಪದವೀಧರ. ನಮ್ಮ ಮನೆತನದಲ್ಲಿ ಮೊದಲನೆಯವನು. ಇದನ್ನು ಹೇಳಿಕೊಳ್ಳುವುದಕ್ಕೆ ನನಗೆ ಎಂದೂ ಸಂಕೋಚವಾಗಿಲ್ಲ, ಕೇಳದವರಿಗೂ ಹೇಳಿದ್ದೇನೆ. ಕಾಲೇಜಿಗೆ ಹೇಗೆ ಸೇರಿದೆ ಎಂದು ಕೇಳಿದರೆ ಮಾತ್ರ ಉತ್ತರ ಸ್ವಲ್ಪ ಉದ್ದವಾಗುತ್ತದೆ. ಅಂಕಗಳಿಂದ ಸೇರಲಿಲ್ಲ. ಯಾರ ಶಿಫಾರಸಿನಿಂದಲೂ ಸೇರಲಿಲ್ಲ. ಎದುರಿಗೆ ನಿಂತ ಒಬ್ಬ ಆಟಗಾರನನ್ನು ಚೆಂಡಿನ ಸಮೇತ ದಾಟಿಕೊಂಡು ಹೋಗಿ ಸೇರಿದೆ. ದಾಟುವುದಕ್ಕೆ ಮೂರು ಅವಕಾಶ ಕೊಟ್ಟಿದ್ದರು. ಎರಡನ್ನು ನಾನೇ ಹಾಳು ಮಾಡಿಕೊಂಡಿದ್ದೆ.

ಅದು ಎಪ್ಪತ್ತರ ದಶಕದ ಕೊನೆ. ನಮ್ಮ ಮನೆ ಯಶವಂತಪುರದಲ್ಲಿ, ರೈಲ್ವೆ ಗೂಡ್ಸ್ ಶೆಡ್ಡಿನ ಹಿಂದಿನ ಗಲ್ಲಿಯಲ್ಲಿ. ಅಪ್ಪ ಅಲ್ಲಿ ಹಮಾಲಿ. ಬಾಗಲೂರಿನ ಕಡೆಯ ಒಂದು ಹಳ್ಳಿಯಿಂದ ಮದುವೆಗೆ ಮೊದಲೇ ಬಂದು, ವ್ಯಾಗನ್ನುಗಳಿಂದ ಗೋಧಿ, ಸಿಮೆಂಟು, ಗೊಬ್ಬರದ ಮೂಟೆ ಇಳಿಸುವ ಗ್ಯಾಂಗಿಗೆ ಸೇರಿದವನು. ಊರು ಬಿಟ್ಟು ಇಪ್ಪತ್ತು ವರ್ಷವಾದರೂ ಊರಿನ ಮಾತು ಬಿಟ್ಟಿರಲಿಲ್ಲ.

ಶೆಡ್ಡಿಗೂ ನಮ್ಮ ಗಲ್ಲಿಗೂ ನಡುವೆ ಒಂದು ಖಾಲಿ ಜಾಗವಿತ್ತು. ಇಂಜಿನ್ನುಗಳು ಸುರಿದ ಸುಟ್ಟ ಕಲ್ಲಿದ್ದಲಿನ ಚೂರು ಅದರ ತುಂಬ. ಅದೇ ನಮ್ಮ ಫುಟ್‌ಬಾಲ್ ಮೈದಾನ. ಯಾರ ಕಾಲಲ್ಲೂ ಏನೂ ಇರುತ್ತಿರಲಿಲ್ಲ. ಮೊದಲ ವಾರ ಅಂಗಾಲು ಸೀಳುತ್ತಿತ್ತು, ಎರಡನೇ ವಾರ ಉರಿಯುತ್ತಿತ್ತು, ಆಮೇಲೆ ಚಪ್ಪಲಿಯ ಅಟ್ಟೆಯಂತೆ ದಪ್ಪವಾಗಿ ಏನೂ ತಿಳಿಯುತ್ತಿರಲಿಲ್ಲ. ನಾನು ರೈಟ್ ಔಟ್ ಆಡುತ್ತಿದ್ದೆ, ಅಂದರೆ ಬಲಗಡೆಯ ಗೆರೆ ಹಿಡಿದು ಓಡುವವನು. ಓಟದಲ್ಲಿ ನಮ್ಮ ಗಲ್ಲಿಯಲ್ಲಿ ನನ್ನನ್ನು ಹಿಡಿಯುವವರು ಇರಲಿಲ್ಲ. ಆದರೆ ನಿಲ್ಲಿಸುವವನು ಒಬ್ಬನಿದ್ದ.

ಅವನು ನನ್ನ ಗೆಳೆಯನೇ. ಅವರ ಮನೆಯವರದು ಹಾಸಿಗೆ ಹೊಲಿಯುವ ಕೆಲಸ. ಎಂಟನೇ ಕ್ಲಾಸಿಗೇ ಶಾಲೆ ಬಿಟ್ಟು ತಂದೆಯ ಜೊತೆ ಹತ್ತಿ ಬಡಿಯುತ್ತಿದ್ದ; ಸಂಜೆ ಮೈದಾನಕ್ಕೆ ಬರುವಾಗ ತಲೆಗೂದಲು, ಹುಬ್ಬು, ಆಗಷ್ಟೇ ಬರುತ್ತಿದ್ದ ಮೀಸೆ, ಎಲ್ಲದಕ್ಕೂ ಹತ್ತಿಯ ಎಳೆ ಅಂಟಿಕೊಂಡು ಅರವತ್ತು ವರ್ಷದ ಮುದುಕನ ಹಾಗೆ ಕಾಣುತ್ತಿದ್ದ. ಬ್ಯಾಕ್ ಆಡುತ್ತಿದ್ದ, ಅಂದರೆ ಗೋಲಿನ ಮುಂದೆ ನಿಂತು ತಡೆಯುವವನು. ಅವನ ಆಟದಲ್ಲಿ ವಿಶೇಷವೇನೂ ಇರಲಿಲ್ಲ. ಸುಮ್ಮನೆ ನಿಲ್ಲುತ್ತಿದ್ದ, ಅಷ್ಟೆ. ನಾನು ಎಡಕ್ಕೆ ನುಗ್ಗುವ ಹಾಗೆ ಆಕ್ಷನ್ ಕೊಟ್ಟರೂ ನಿಂತೇ ಇರುತ್ತಿದ್ದ, ಬಲಕ್ಕೆ ಕೊಟ್ಟರೂ ನಿಂತೇ ಇರುತ್ತಿದ್ದ. ಕೊನೆಗೆ ನಾನೇ ಎಲ್ಲಾದರೂ ನುಗ್ಗಲೇಬೇಕು. ನುಗ್ಗಿದ ಕಡೆ ಅವನ ಕಾಲು ಇರುತ್ತಿತ್ತು.

"ಬಾರೋ, ಬಂದು ಚೆಂಡು ಕಿತ್ಕೊ!" ಎಂದು ರೇಗಿಸುತ್ತಿದ್ದೆ.

"ನಾನ್ಯಾಕ್ ಬರ್ಲಿ ಮಚ್ಚಾ? ಬಾಲ್ ನಿನ್ ಹತ್ರ ಐತೆ. ಹೋಗ್ಬೇಕಾಗಿರೋದು ನೀನು. ನಂಗೇನ್ ಅರ್ಜೆಂಟು?"

ನಮ್ಮ ಮೈದಾನದಲ್ಲಿ ಒಂದು ಪದ್ಧತಿಯಿತ್ತು. ಆಟ ಮುಗಿದ ಮೇಲೆ ಒಬ್ಬ ಫಾರ್ವರ್ಡು, ಒಬ್ಬ ಬ್ಯಾಕು, ಇಬ್ಬರೇ ಎದುರೆದುರು ನಿಲ್ಲಬೇಕು. ದಾಟಿದರೆ ಫಾರ್ವರ್ಡ್ ಗೆದ್ದ, ತಡೆದರೆ ಬ್ಯಾಕ್ ಗೆದ್ದ. ಸೋತವನು ಆ ದಿನ ಚೆಂಡನ್ನು ಮನೆಗೆ ಒಯ್ದು, ಒರೆಸಿ, ಹರಳೆಣ್ಣೆ ಹಚ್ಚಿ, ಮರುದಿನ ತರಬೇಕು. ಆಗಿನದು ಲೇಸು ಕಟ್ಟುವ ಚರ್ಮದ ಚೆಂಡು; ಎಣ್ಣೆ ಹಚ್ಚದಿದ್ದರೆ ಒಣಗಿ ಬಿರಿಯುತ್ತಿತ್ತು. ಇದ್ದ ಒಂದು ಕೋಣೆಯಲ್ಲಿ ಆ ಚೆಂಡಿನ ವಾಸನೆ ಸಾರಿನ ವಾಸನೆಯನ್ನೂ ಮೀರಿಸುತ್ತಿತ್ತು.

"ಈ ದರಿದ್ರದ್ದು ದಿನಾ ನಮ್ಮನೇಗೇ ಯಾಕ್ ಬತ್ತೈತೆ?" ಎಂದು ಅವ್ವ ಕೇಳುತ್ತಿದ್ದಳು. "ನಿನ್ ಸ್ನೇಹಿತರ್ ಯಾರ್ಗೂ ಮನೆ ಮಠ ಇಲ್ವಾ?"

ಎರಡು ತಿಂಗಳು ಚೆಂಡು ನಮ್ಮ ಮನೆಯಲ್ಲೇ ಮಲಗಿತು.

ಒಂದು ಭಾನುವಾರ ಅಪ್ಪನ ಊಟದ ಡಬ್ಬಿ ಹಿಡಿದು ಶೆಡ್ಡಿಗೆ ಹೋಗಿದ್ದೆ. ವ್ಯಾಗನ್ನಿನ ಬಾಗಿಲಿನಿಂದ ಲಾರಿಯ ಹಿಂಬದಿಗೆ ಎರಡು ಹಲಗೆಗಳನ್ನು ಜೋಡಿಸಿ ಹಾಕಿರುತ್ತಿದ್ದರು. ಮೂಟೆ ಹೊತ್ತವರು ಆ ಹಲಗೆಯ ಮೇಲೆ ಲಾರಿಗೆ ಹೋಗಬೇಕು, ಇಳಿಸಿ ಬಂದವರು ಅದರ ಮೇಲೇ ವಾಪಸಾಗಬೇಕು. ಇಬ್ಬರು ಎದುರಾದರೆ ಜಾಗ ಬಹಳ ಕಡಿಮೆ. ಆದರೂ ಯಾರೂ ಯಾರನ್ನೂ ತಾಗುತ್ತಿರಲಿಲ್ಲ. ಹೊತ್ತವನು ತಲೆ ತಗ್ಗಿಸಿಕೊಂಡು ಬರುತ್ತಿದ್ದ, ಬರಿಗೈಯವನು ಅವನ ಪಕ್ಕದಲ್ಲಿ ಜಾರಿ ಹೋಗುತ್ತಿದ್ದ. ಒಮ್ಮೆ ಈ ಪಕ್ಕ, ಒಮ್ಮೆ ಆ ಪಕ್ಕ. ನಾನು ಅದನ್ನು ಹುಟ್ಟಿದಾಗಿನಿಂದ ನೋಡಿದ್ದೆ. ಆ ದಿನ ಮಾತ್ರ, ಹಿಂದಿನ ಸಂಜೆಯ ಸೋಲು ತಲೆಯಲ್ಲಿ ಇದ್ದದ್ದಕ್ಕೋ ಏನೋ, ಅದು ವಿಚಿತ್ರವಾಗಿ ಕಂಡಿತು.

ಅಪ್ಪ ಊಟಕ್ಕೆ ಕೂತಾಗ ಕೇಳಿದೆ: "ಯಾವ ಪಕ್ಕದಲ್ಲಿ ಹೋಗ್ಬೇಕು ಅಂತ ಹೆಂಗ್ ಗೊತ್ತಾಗುತ್ತಪ್ಪ?"

"ಯಾಕ್ಲಾ, ಮೂಟೆ ಹೊರಕ್ ಬತ್ತೀಯಾ?"

"ಸುಮ್ನೆ ಕೇಳ್ದೆ."

ಅಪ್ಪ ಮುದ್ದೆ ಮುರಿಯುತ್ತ ಹಲಗೆಯ ಕಡೆ ಗದ್ದ ತೋರಿಸಿದ. "ಕಾಲ್ ನೋಡು. ಭಾರ ಯಾವ ಕಾಲಿನ ಮ್ಯಾಲೆ ಬಿದ್ದೈತೆ ನೋಡು. ಆ ಕಾಲ್ನ ಅವ್ನು ತಕ್ಷಣಕ್ಕೆ ಎತ್ತಕ್ಕಾಗಕ್ಕಿಲ್ಲ. ಆ ಪಕ್ಕದಾಗೆ ಓಗ್ಬೇಕು. ಇನ್ನೊಂದು ಪಕ್ಕದಾಗೆ ಓದ್ರೆ ಅವ್ನು ಎತ್ತಿದ್ ಕಾಲು ನಿನ್ ಮ್ಯಾಲೇ ಬತ್ತದೆ, ಅದ್ರಿಂದೆ ಮೂಟೇನೂ ಬತ್ತದೆ."

"ಭಾರ ಬಿದ್ದಿದ್ದು ಹೆಂಗ್ ಕಾಣುತ್ತೆ?"

"ಬೆರಳು ನೋಡ್ಲಾ. ಭಾರ ಬಿದ್ರೆ ಬೆರಳು ಅಗಲ ಆಯ್ತವೆ, ಅಲಗೇನ ಹಿಡ್ಕತವೆ. ಬಿದ್ದಿಲ್ದಿದ್ರೆ ಸುಮ್ಕೆ ಇರ್ತವೆ. ಇಂಗೆ." ತನ್ನ ಎರಡು ಪಾದಗಳನ್ನೂ ಮುಂದೆ ಚಾಚಿ, ಒಂದರ ಬೆರಳನ್ನು ಅಗಲಿಸಿ, ಇನ್ನೊಂದನ್ನು ಸಡಿಲ ಬಿಟ್ಟು ತೋರಿಸಿದ. ಆಮೇಲೆ ಸಾರು ಕುಡಿದು ಎದ್ದ.

ಊಟ ಮುಗಿಸಿ ಅವನು ಹಲಗೆ ಹತ್ತಿದ ಮೇಲೂ ನಾನು ಸ್ವಲ್ಪ ಹೊತ್ತು ನಿಂತು ನೋಡಿದೆ. ಅಪ್ಪ ಹೇಳಿದ ಹಾಗೇ ಇತ್ತು. ಇನ್ನೊಂದು ಸಂಗತಿಯನ್ನೂ ನೋಡಿದೆ. ಕೆಲವೊಮ್ಮೆ ಬರಿಗೈಯವನು ಹಲಗೆಯ ಮಧ್ಯೆ ಥಟ್ಟನೆ ನಿಂತುಬಿಡುತ್ತಿದ್ದ. ಒಂದು ಉಸಿರಿನಷ್ಟು ಹೊತ್ತು. ಆಮೇಲೆ ಪಕ್ಕದಲ್ಲಿ ಹೋಗುತ್ತಿದ್ದ. ಹೊತ್ತವನಿಗೆ ಮರ್ಯಾದೆ ಕೊಡುತ್ತಾರೆ ಎಂದುಕೊಂಡೆ. ಅದರ ಬಗ್ಗೆ ಅಪ್ಪನನ್ನು ಕೇಳಬೇಕೆನಿಸಲಿಲ್ಲ.

ಆ ಸಂಜೆ ಗೆಳೆಯನ ಎದುರು ಚೆಂಡು ತಳ್ಳಿಕೊಂಡು ಹೋದಾಗ ನಾನು ಅವನ ಮುಖ ನೋಡಲಿಲ್ಲ, ಕಣ್ಣು ನೋಡಲಿಲ್ಲ. ಬೆರಳು ನೋಡಿದೆ. ಕಪ್ಪು ಚೂರಿನ ಮೇಲೆ ಅವನ ಬಲಗಾಲಿನ ಬೆರಳು ಐದೂ ಅಗಲವಾದವು. ಅದರ ಪಕ್ಕದಿಂದಲೇ ಚೆಂಡು ತಳ್ಳಿ ಹೋದೆ. ಅವನು ತಿರುಗುವ ಹೊತ್ತಿಗೆ ನಾನು ಗೋಲಿನ ಕಲ್ಲುಗಳ ಹತ್ತಿರ ಇದ್ದೆ.

"ಅರೆ! ಏನೋ ಮಾಡ್ದೆ?"

"ಏನೂ ಇಲ್ಲ. ಹೋದೆ."

"ಇನ್ನೊಂದ್ ಸಲ ಹೋಗು ನೋಡೋಣ."

ಇನ್ನೊಂದು ಸಲವೂ ಹೋದೆ. ಮರುದಿನವೂ ಹೋದೆ. ಗುಟ್ಟು ಮಾತ್ರ ಹೇಳಲಿಲ್ಲ. ಮಾಟ ಮಾಡಿಸಿದ್ದೀಯ ಎಂದ, ದರ್ಗಾದ ತಾಯತ ಕಟ್ಟಿಕೊಂಡು ಬಂದ, ತಾಯತ ಕಟ್ಟಿದ ತೋಳಿನ ಪಕ್ಕದಿಂದಲೇ ಹೋದೆ. ನಾಲ್ಕನೇ ದಿನ ಅವ್ವ ಮೂಲೆ ನೋಡಿ ಕೇಳಿದಳು: "ಏನ್ಲಾ, ಚೆಂಡು ಕಳ್ದೋಯ್ತಾ?"

ಹೀಗೆ ಎರಡು ವರ್ಷ. ನಮ್ಮ ಗಲ್ಲಿಯ ತಂಡ ಕೊಡಿಗೇಹಳ್ಳಿಗೆ ಹೋಗಿ ಆಡಿತು, ಯಲಹಂಕಕ್ಕೆ ಹೋಗಿ ಆಡಿತು. ಎಲ್ಲ ಕಡೆಯೂ ಬರಿಗಾಲು, ಎಲ್ಲ ಕಡೆಯೂ ಬೆರಳು. ನನಗೆ ದಾಟಲಾಗದ ಬ್ಯಾಕ್ ಈ ಸೀಮೆಯಲ್ಲಿ ಇಲ್ಲ ಎಂಬ ತೀರ್ಮಾನಕ್ಕೆ ಬಂದಿದ್ದೆ. ಆ ವಯಸ್ಸಿನಲ್ಲಿ ಅಂಥ ತೀರ್ಮಾನ ತಪ್ಪೇನೂ ಅಲ್ಲ. ಬಹುಮಟ್ಟಿಗೆ ನಿಜವೂ ಆಗಿತ್ತು.

ಅಷ್ಟರಲ್ಲಿ ಪಿಯುಸಿ ಫಲಿತಾಂಶ ಬಂತು. ಪಾಸಾಗಿದ್ದೆ. ಆದರೆ ಅಂಕ ನೋಡಿ ಸೀಟು ಕೊಡುವಷ್ಟು ಇರಲಿಲ್ಲ. ಅರ್ಜಿ ಹಾಕಿದ ಕಾಲೇಜುಗಳ ಪಟ್ಟಿಯಲ್ಲೆಲ್ಲ ನನ್ನ ಹೆಸರು ಹುಡುಕಿ ಹುಡುಕಿ ಕತ್ತು ನೋವು ಬಂತು. ಕೊನೆಗೆ ಹೆಬ್ಬಾಳದ ಕಡೆಯ ಒಂದು ಕಾಲೇಜಿನಲ್ಲಿ ಗುಮಾಸ್ತರೊಬ್ಬರು, "ಸೀಟೆಲ್ಲ ಮುಗೀತಪ್ಪ. ಸ್ಪೋರ್ಟ್ಸ್ ಕೋಟಾದಲ್ಲಿ ಒಂದು ಉಳ್ದಿದೆ, ಫುಟ್‌ಬಾಲ್‌ದು. ಶನಿವಾರ ಬೆಳಗ್ಗೆ ಟ್ರಯಲ್ಸು. ಆಡ್ತೀಯಾ?" ಎಂದರು.

ಆಡುತ್ತೀಯಾ ಎಂದು ನನ್ನನ್ನು ಕೇಳಿದರು!

ಮನೆಗೆ ಓಡಿ ಬಂದರೆ ಅಲ್ಲಿ ಬೇರೆ ಸುದ್ದಿ ಕಾದಿತ್ತು. ಗ್ಯಾಂಗಿನಲ್ಲಿ ಒಬ್ಬರು ಸೊಂಟ ಹಿಡಿದುಕೊಂಡು ಕೆಲಸ ಬಿಟ್ಟಿದ್ದರು. ಆ ಜಾಗಕ್ಕೆ ಮಗನನ್ನು ಹಾಕುತ್ತೀಯಾ ಎಂದು ಮೇಸ್ತ್ರಿ ಅಪ್ಪನನ್ನು ಕೇಳಿದ್ದ. ಸೋಮವಾರದೊಳಗೆ ಹೇಳಬೇಕಿತ್ತು. ಅಂಥ ಜಾಗ ದಿನಾ ಖಾಲಿಯಾಗುವುದಿಲ್ಲ ಎಂಬುದು ನಮ್ಮ ಗಲ್ಲಿಯಲ್ಲಿ ಎಲ್ಲರಿಗೂ ಗೊತ್ತಿದ್ದ ವಿಷಯ.

ಅಪ್ಪ ಬೈಯಲಿಲ್ಲ, ಒತ್ತಾಯ ಮಾಡಲಿಲ್ಲ. "ಸನಿವಾರ ಓಗಿ ಬಾ. ಸಿಕ್ತಾ, ಓದ್ಕೊ. ಸಿಗ್ಲಿಲ್ವಾ, ಸೋಮವಾರ ಬೆಳಗ್ಗೆ ನನ್ ಜೊತೆ ಬಾ. ಇನ್ನೊಂದ್ ವರ್ಸ ಕಾಯಕ್ಕೆ ನಮ್ ಕೈಲಾಗಕ್ಕಿಲ್ಲ" ಎಂದ. ಅಷ್ಟೇ ಮಾತು. ಅವನು ಹೇಳಿದ್ದು ಸರಿಯಾಗಿಯೇ ಇತ್ತು. ಹಮಾಲಿ ಕೆಲಸವನ್ನು ನಾನು ಕೀಳೆಂದು ತಿಳಿದವನಲ್ಲ, ಅದರ ಅನ್ನವನ್ನೇ ತಿಂದವನು. ಆದರೆ ನನಗೆ ಓದಬೇಕಿತ್ತು.

ಟ್ರಯಲ್ಸಿಗೆ ಬೂಟು ಕಡ್ಡಾಯ ಎಂದು ಗುಮಾಸ್ತರು ಹೇಳಿದ್ದರು. ಗೆಳೆಯನ ಅಣ್ಣ ಒಂದು ಕಾರ್ಖಾನೆಯ ತಂಡದಲ್ಲಿ ಆಡುತ್ತಿದ್ದ. ಅವನ ಬೂಟನ್ನು ಗೆಳೆಯ ಕೇಳಿ ತಂದ. ನನಗೆ ಒಂದು ಸೈಜು ದೊಡ್ಡದು. "ಹಾಸ್ಗೆ ಮಾಡೋರ್ ಮನೇಲಿ ಇದೊಂದ್ ಪ್ರಾಬ್ಲಮ್ಮಾ?" ಎಂದು ಎರಡರ ಮುಂಭಾಗಕ್ಕೂ ಹತ್ತಿ ತುರುಕಿ ಕೊಟ್ಟ. ಶನಿವಾರ ಕೆಲಸಕ್ಕೆ ರಜೆ ಹಾಕಿ ಜೊತೆಗೂ ಬಂದ.

ಕಾಲೇಜಿನ ಮೈದಾನದಲ್ಲಿ ಹುಲ್ಲಿತ್ತು. ನಾವಿಬ್ಬರೂ ಮೊದಲು ಅದನ್ನೇ ಬಗ್ಗಿ ಮುಟ್ಟಿ ನೋಡಿದೆವು. ಒಂದು ಸೀಟಿಗೆ ಏಳು ಜನ ಬಂದಿದ್ದರು. ಫಿಸಿಕಲ್ ಡೈರೆಕ್ಟರ್ ಟೋಪಿ ಹಾಕಿದ, ಗಂಟಲು ಕಟ್ಟಿದ ಮನುಷ್ಯ. "ನೋಡ್ರಪ್ಪಾ, ಓಡೋದು, ಒದೆಯೋದು ಎಲ್ರಿಗೂ ಬರುತ್ತೆ. ನಂಗೆ ಬೇಕಾಗಿರೋದು ಒಬ್ಬ ರೈಟ್ ಔಟು. ಇವನು ನಮ್ಮ ಲೆಫ್ಟ್ ಬ್ಯಾಕ್. ಇವನನ್ನ ದಾಟ್ಬೇಕು. ಒಬ್ಬೊಬ್ಬರಿಗೆ ಮೂರು ಚಾನ್ಸ್. ದಾಟ್ದೋನಿಗೆ ಸೀಟು. ಯಾರೂ ದಾಟ್ಲಿಲ್ಲ ಅಂದ್ರೆ ಸೀಟು ಖಾಲಿ ಇರ್ಲಿ, ನಂಗೇನೂ ಬೇಜಾರಿಲ್ಲ" ಎಂದರು.

ಆ ಲೆಫ್ಟ್ ಬ್ಯಾಕ್ ಕೊನೆಯ ವರ್ಷದ ವಿದ್ಯಾರ್ಥಿ. ಉದ್ದಕ್ಕೆ ಇದ್ದ, ಕಿವಿ ಮುಚ್ಚುವ ಕೂದಲು, ಮೊಣಕಾಲವರೆಗೆ ಎಳೆದ ಹಸಿರು ಸಾಕ್ಸು. ಆರು ಜನ, ಹದಿನೆಂಟು ಸಲ ಹೋದರು. ಹದಿನೆಂಟು ಸಲವೂ ಚೆಂಡು ಅವನ ಕಾಲಿನಲ್ಲೇ ಉಳಿಯಿತು. ಕೊನೆಯವನು ನಾನು. ನನಗೆ ಹೆದರಿಕೆಯೇನೂ ಆಗಲಿಲ್ಲ. ಅವರಿಗೆ ಗೊತ್ತಿಲ್ಲದ್ದು ನನಗೆ ಗೊತ್ತಿತ್ತಲ್ಲ.

"ಬಾ ಮಗಾ," ಎಂದು ಅವನು ನಕ್ಕ. "ನಿನ್ನ ಮುಗ್ಸಿ ತಿಂಡಿಗೆ ಹೋಗ್ಬೇಕು."

ಚೆಂಡು ತಳ್ಳಿಕೊಂಡು ಹೋದೆ. ಹತ್ತಿರ ಬಂದೆ. ಅಭ್ಯಾಸದಂತೆ ಕಣ್ಣು ಅವನ ಬೆರಳಿಗೆ ಹೋಯಿತು.

ಬೆರಳು ಇರಲಿಲ್ಲ. ಕರೀ ಬೂಟು ಇತ್ತು.

ಇದನ್ನು ಬರೆಯುವಾಗ ಈಗಲೂ ನಗು ಬರುತ್ತದೆ. ಬೂಟು ಹಾಕಿಕೊಂಡೇ ಆಡಬೇಕೆಂದು ಗೊತ್ತಿತ್ತು, ನಾನೂ ಹಾಕಿಕೊಂಡಿದ್ದೆ. ನನ್ನ ಬೆರಳನ್ನೇ ಹತ್ತಿಯಲ್ಲಿ ಹೂತಿದ್ದೆ. ಆದರೂ ಎದುರಿನವನ ಬೆರಳು ಕಾಣುವುದಿಲ್ಲ ಎಂಬುದು ಆ ಗಳಿಗೆಯವರೆಗೆ ಹೊಳೆದಿರಲಿಲ್ಲ. ಎರಡು ವರ್ಷ ಬರಿಗಾಲಿನವರನ್ನೇ ದಾಟಿದವನ ತಲೆ ಅಷ್ಟೇ ಓಡುತ್ತದೆ. ನಾನು ಹುಡುಕುತ್ತಿರುವಾಗಲೇ ಅವನು ಆರಾಮವಾಗಿ ಕಾಲು ಚಾಚಿ ಚೆಂಡು ತೆಗೆದುಕೊಂಡ.

"ಒಂದು," ಎಂದರು ಡೈರೆಕ್ಟರು.

ಎರಡನೇ ಸಲ ಯೋಚಿಸುವುದೇ ಬೇಡವೆಂದು ಚೆಂಡನ್ನು ಮುಂದಕ್ಕೆ ಜೋರಾಗಿ ತಳ್ಳಿ ಓಡಿದೆ. ಓಟವನ್ನಾದರೂ ನಂಬಬಹುದು ಎಂದುಕೊಂಡೆ. ಅವನು ತನ್ನ ಭುಜವನ್ನು ನನ್ನ ದಾರಿಗೆ ಅಡ್ಡ ಇಟ್ಟ, ಅಷ್ಟೆ. ಚೆಂಡು ಗೆರೆಯ ಆಚೆ ಹೋಯಿತು, ನಾನು ಹುಲ್ಲಿನ ಮೇಲೆ ಬಿದ್ದೆ. ಬೂಟಿನಿಂದ ಸ್ವಲ್ಪ ಹತ್ತಿ ಹೊರಗೆ ಬಂತು.

"ಎರಡು."

ಎದ್ದು ನಿಂತೆ. ಸೋಮವಾರ ಬೆಳಗ್ಗೆ ಕಣ್ಣ ಮುಂದೆ ಬಂತು. ಗೆರೆಯ ಹೊರಗಿನಿಂದ ಗೆಳೆಯ ಕಿರುಚಿದ:

"ಏನೋ ಅದು! ಅವನ್ ಬೂಟ್ ಪಾಲಿಶ್ ಮಾಡಕ್ ಬಂದಿದ್ದೀಯೇನೋ? ಬೂಟೇ ನೋಡ್ತಾ ಇದ್ದೀಯಲ್ಲೋ ಗೂಬೆ!"

ಎಲ್ಲರೂ ನಕ್ಕರು. ಲೆಫ್ಟ್ ಬ್ಯಾಕೂ ನಕ್ಕ. ಚೆಂಡು ತರಲು ನಡೆದುಹೋಗುವಾಗ ನಾನು ಶೆಡ್ಡಿನ ಹಲಗೆಯನ್ನು ನೆನೆಸಿಕೊಂಡೆ. ಹೊತ್ತವನ ಕಾಲು ಸರಿಯಾಗಿ ಕಾಣದ ಹೊತ್ತೂ ಇರುತ್ತಿತ್ತು. ಮಳೆಗಾಲದಲ್ಲಿ ಜಾರದಿರಲೆಂದು ಪಾದಕ್ಕೆ ಗೋಣಿ ಸುತ್ತಿಕೊಳ್ಳುತ್ತಿದ್ದರು, ಸಂಜೆ ವ್ಯಾಗನ್ನಿನ ನೆರಳು ಬೀಳುತ್ತಿತ್ತು. ಆಗಲೂ ಯಾರೂ ಯಾರನ್ನೂ ತಾಗುತ್ತಿರಲಿಲ್ಲ. ಆಗ ಅವರು ಏನು ಮಾಡುತ್ತಿದ್ದರು? ನಿಂತುಬಿಡುತ್ತಿದ್ದರು. ಒಂದು ಉಸಿರಿನಷ್ಟು ಹೊತ್ತು.

ಮರ್ಯಾದೆಗೆ ನಿಲ್ಲುತ್ತಿರಲಿಲ್ಲ. ಎದುರಿನವನು ಕಾಲು ಬದಲಾಯಿಸಲಿ ಎಂದು ನಿಲ್ಲುತ್ತಿದ್ದರು. ಮೈಮೇಲೆ ಭಾರ ಇದ್ದವನು ಎರಡು ಕಾಲಿನ ಮೇಲೂ ಸಮವಾಗಿ ನಿಂತು ಕಾಯಲಾರ. ಒಂದರ ಮೇಲೆ ವಾಲಲೇಬೇಕು. ಅವನು ವಾಲಿದ್ದು ಬೆರಳಿನಲ್ಲಿ ಕಾಣದಿದ್ದರೆ ಸೊಂಟದಲ್ಲಿ, ಭುಜದಲ್ಲಿ ಕಂಡೇ ಕಾಣುತ್ತದೆ.

ಈ ಲೆಫ್ಟ್ ಬ್ಯಾಕಿನ ಮೇಲೆ ಮೂಟೆ ಇರಲಿಲ್ಲ. ಆದರೆ ಇಪ್ಪತ್ತು ಸಲ ಗೆದ್ದಿದ್ದ, ಸುತ್ತ ಜನ ನೋಡುತ್ತಿದ್ದರು, ಹೊಟ್ಟೆ ಹಸಿದಿತ್ತು. ಅದೂ ಭಾರವೇ ಎಂದು ಅಂದಾಜು ಮಾಡಿದೆ.

ಮೂರನೇ ಸಲ ಓಡಲಿಲ್ಲ. ನಡೆದುಕೊಂಡು ಹೋದೆ. ಅವನಿಂದ ಎರಡು ಮಾರು ದೂರದಲ್ಲಿ ಚೆಂಡಿನ ಮೇಲೆ ಅಂಗಾಲು ಇಟ್ಟು ನಿಂತೆ. ಸುಮ್ಮನೆ ನಿಂತೆ.

ಹಿಂದಿನಿಂದ ಯಾರೋ, "ಕಾಲು ನೋವಾಯ್ತೇನೋ ಪಾಪ" ಎಂದರು.

"ಬಾರೋ," ಎಂದ ಲೆಫ್ಟ್ ಬ್ಯಾಕ್.

"ನಂಗೇನ್ ಅರ್ಜೆಂಟು?" ಎಂದೆ. ಗೆಳೆಯನ ಮಾತು ತಾನಾಗಿಯೇ ಬಾಯಿಗೆ ಬಂತು.

ಅವನು ಒಮ್ಮೆ ಡೈರೆಕ್ಟರ ಕಡೆ ನೋಡಿದ. ಡೈರೆಕ್ಟರು ಟೋಪಿ ಮೇಲೇರಿಸಿ ನನ್ನನ್ನೇ ನೋಡುತ್ತಿದ್ದರು. ಅವನ ಮುಖದ ನಗು ಸ್ವಲ್ಪ ಸ್ವಲ್ಪವಾಗಿ ಹೋಯಿತು. ಹಾಗೆ ನಿಂತು ಕಾಯುವುದು ಅವನಿಗೆ ಅಭ್ಯಾಸವಿರಲಿಲ್ಲ. ಆ ಬೆಳಗ್ಗೆಯೆಲ್ಲ ಬರುವವರು ತಾವೇ ಬಂದು ಬಿದ್ದಿದ್ದರು. ಚೆಂಡಿನ ಮೇಲೆ ಇಟ್ಟ ಅಂಗಾಲನ್ನು ಒಂದು ಗೇಣು ಹಿಂದಕ್ಕೆ ಉರುಳಿಸಿದೆ. ಅವನ ಸೊಂಟ ಕುಗ್ಗಿತು, ಎಡಭುಜ ಇಳಿಯಿತು, ಹಸಿರು ಸಾಕ್ಸಿನ ಎಡ ಮೊಣಕಾಲು ಬಾಗಿತು. ಮೂಟೆ ಹೊತ್ತ ಮನುಷ್ಯ ನನ್ನ ಕಣ್ಣೆದುರು ನಿಂತಿದ್ದ. ಆ ಕಾಲನ್ನು ಅವನು ಆ ಕ್ಷಣಕ್ಕೆ ಎತ್ತಲಾರ ಎಂಬುದರಲ್ಲಿ ನನಗೆ ಯಾವ ಅನುಮಾನವೂ ಇರಲಿಲ್ಲ. ಅದರ ಪಕ್ಕದಿಂದ, ಅವನ ಸಾಕ್ಸಿಗೆ ತಾಗುವಷ್ಟು ಹತ್ತಿರದಿಂದ, ಚೆಂಡು ತಳ್ಳಿಕೊಂಡು ಹೋದೆ.

ಹಿಂದೆ ಒಬ್ಬನೇ ಒಬ್ಬ ಸಿಳ್ಳೆ ಹೊಡೆದ. ಯಾರೆಂದು ತಿರುಗಿ ನೋಡಬೇಕಾಗಿರಲಿಲ್ಲ.

ಡೈರೆಕ್ಟರು ಹಾಳೆ ತೆಗೆದು ಹೆಸರು ಬರೆದುಕೊಂಡರು. "ಎಲ್ಲಿ ಕಲ್ತೆ?"

"ಯಶವಂತಪುರ ಗೂಡ್ಸ್ ಶೆಡ್ಡಲ್ಲಿ ಸಾರ್."

"ಅಲ್ಲಿ ಯಾವ ಟೀಮಪ್ಪಾ ಇರೋದು?"

"ಹಮಾಲರದು ಸಾರ್."

ತಮಾಷೆ ಮಾಡುತ್ತಿದ್ದೇನೆ ಎಂದುಕೊಂಡು ನಕ್ಕರು. "ಸೋಮವಾರ ಬೆಳಗ್ಗೆ ಮಾರ್ಕ್ಸ್ ಕಾರ್ಡ್ ತಗೊಂಡ್ ಆಫೀಸಿಗೆ ಬಾ. ಬಿ.ಕಾಂ. ತಾನೆ?" ಎಂದರು.

ವಾಪಸು ಬರುವಾಗ ಬಸ್ಸಿನಲ್ಲಿ ಗೆಳೆಯನಿಗೆ ಬೆರಳಿನ ಗುಟ್ಟು ಹೇಳಿದೆ. ಸಾಲ ತೀರಿಸಿದ ಹಾಗೆ ಹಗುರಾಗುತ್ತೇನೆ ಎಂದುಕೊಂಡಿದ್ದೆ. ಅವನು ಸ್ವಲ್ಪ ಹೊತ್ತು ತನ್ನ ಚಪ್ಪಲಿಯ ಕಾಲನ್ನೇ ನೋಡಿಕೊಂಡ. ಆಮೇಲೆ ಇಡೀ ಬಸ್ಸು ತಿರುಗಿ ನೋಡುವ ಹಾಗೆ ಕೂಗಿದ: "ಎರಡ್ ವರ್ಷ! ಎರಡ್ ವರ್ಷ ನನ್ ಬೆರಳ್ ನೋಡ್ಕೊಂಡ್ ಆಡಿದ್ಯಾ? ನಾನು ತಾಯ್ತ ಕಟ್ಕೊಂಡ್ ಓಡಾಡ್ದೆ ಕಣೋ ಕಳ್ಳಾ!" ಯಶವಂತಪುರ ಬರುವವರೆಗೂ ಕಿಟಕಿಯ ಕಡೆ ಮುಖ ಮಾಡಿ ಕೂತ. ಇಳಿಯುವಾಗ ಬೂಟನ್ನು ನನ್ನ ಕೈಯಿಂದ ಕಿತ್ತುಕೊಂಡ. ಮರುದಿನ ಸಂಜೆ ಮೈದಾನಕ್ಕೆ ಅಣ್ಣನ ದಪ್ಪ ಸಾಕ್ಸು ಹಾಕಿಕೊಂಡು ಬಂದ, ಬರೀ ಸಾಕ್ಸು. ಆ ದಿನ ಚೆಂಡು ನಮ್ಮ ಮನೆಗೆ ಬಂತು.

ಅದು ಮರುದಿನದ ಮಾತು. ಆ ಶನಿವಾರ ನಾನು ಬಸ್ಸಿಳಿದು ನೇರ ಶೆಡ್ಡಿಗೆ ಹೋದೆ. ಸಿಮೆಂಟಿನ ವ್ಯಾಗನ್ನು ಬಂದಿತ್ತು. ಅಪ್ಪ ವ್ಯಾಗನ್ನಿನ ಬಾಗಿಲಲ್ಲಿ, ಹಲಗೆಯ ಬುಡದಲ್ಲಿ ಬೆನ್ನು ಬಗ್ಗಿಸಿ ನಿಂತಿದ್ದ. ಇಬ್ಬರು ಅವನ ಬೆನ್ನಿಗೆ ಮೂಟೆ ಏರಿಸುತ್ತಿದ್ದರು. ಅಪ್ಪನ ರೆಪ್ಪೆಯವರೆಗೂ ಸಿಮೆಂಟಿನ ಬೂದಿ ಬಣ್ಣ.

"ಸಿಕ್ತಪ್ಪಾ," ಎಂದೆ. "ಸೀಟು ಸಿಕ್ತು. ದಾಟ್ದೆ."

ಮೂಟೆ ಬೆನ್ನಿಗೆ ಕೂತಿತು. ಅಪ್ಪ ಅದನ್ನು ಒಮ್ಮೆ ಕುಲುಕಿ ಸರಿ ಮಾಡಿಕೊಂಡು, ಹೊರಡದೆ ನಿಂತ. ತಲೆ ಎತ್ತುವಂತಿರಲಿಲ್ಲ. ನೆಲ ನೋಡುತ್ತಲೇ ಕೇಳಿದ:

"ಯಾವ್ ಕಾಲು?"

"ಎಡಗಾಲು."

"ಊಂ," ಎಂದ. ಅವನ ಬಲಗಾಲಿನ ಬೆರಳು ಐದೂ ನೆಲದ ಮೇಲೆ ಅಗಲವಾದವು, ಎಡಗಾಲು ಎದ್ದು ಹಲಗೆಯ ಮೇಲೆ ಬಂತು. ಎರಡು ಹೆಜ್ಜೆ ಹತ್ತಿದ ಮೇಲೆ, ಲಾರಿಯ ಮೇಲೆ ನಿಂತಿದ್ದ ಮೇಸ್ತ್ರಿಗೆ ಕೇಳಿಸುವ ಹಾಗೆ ಕೂಗಿದ:

"ಲೋ ಮೇಸ್ತ್ರೀ, ಸೋಮವಾರಕ್ಕೆ ಬ್ಯಾರೆ ಆಳ್ ನೋಡ್ಕಳಪ್ಪಾ."